ಮೂಗು ದೊಡ್ಡದಾದ ಮಾತ್ರಕ್ಕೆ ಅದು ವ್ಯಂಗ್ಯಚಿತ್ರವಲ್ಲ

ವ್ಯಂಗ್ಯಚಿತ್ರಗಳ ಪ್ರದರ್ಶನಕ್ಕೆ ಬಂದವರು ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ, ಗಮನಿಸಿ ನೋಡಿ. ಕೆಳಗಿನ ಸಾಲು ಓದುವಷ್ಟು ಹೊತ್ತು, ಅಷ್ಟೇ. ಓದಿದರು, ನಕ್ಕರು, ಮುಂದಿನದಕ್ಕೆ ಹೋದರು. ಅದೇ ಜನ ತೈಲಚಿತ್ರವೊಂದರ ಮುಂದೆ ಕೈಕಟ್ಟಿ ನಿಲ್ಲುತ್ತಾರೆ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ, ಮತ್ತೆ ಹತ್ತಿರ ಹೋಗಿ ಬಣ್ಣದ ಪದರ ಹುಡುಕುತ್ತಾರೆ. ವ್ಯಂಗ್ಯಚಿತ್ರಕ್ಕೆ ಮಾತ್ರ ಆ ಮರ್ಯಾದೆ ಸಿಗುವುದಿಲ್ಲ. ಅದರಲ್ಲಿರುವ ಜೋಕನ್ನು ಓದುತ್ತೇವೆ, ಅದರಲ್ಲಿರುವ ಗೆರೆಯನ್ನು ನೋಡುವುದಿಲ್ಲ.

ಈ ಅವಸರದ ಹಿಂದೆ ಕೆಲವು ಗಟ್ಟಿ ನಂಬಿಕೆಗಳಿವೆ. ಮದರಾಸಿನ ಅಡ್ಯಾರಿನಲ್ಲಿ, ಮನೆಯೊಳಗೆ ಕನ್ನಡ ಹೊರಗೆ ತಮಿಳು ಆಡುವ ನಮ್ಮಂಥವರ ನಡುವೆ ಈ ವಿಷಯ ಬಂದಾಗಲೆಲ್ಲ ಅವೇ ನಂಬಿಕೆಗಳು ಬೇರೆ ಬೇರೆ ಬಾಯಲ್ಲಿ ಕೇಳಿಸುತ್ತವೆ. ಅವನ್ನು ಒಂದೊಂದಾಗಿ ಎತ್ತಿಕೊಂಡು ನೋಡುವ ಪ್ರಯತ್ನ ಇದು. ಮುಖ್ಯ ಉದಾಹರಣೆಯಾಗಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನು ಇಟ್ಟುಕೊಂಡಿದ್ದೇನೆ. ಅವರ ಜೊತೆಗೆ ಇಬ್ಬರು ಮೆಕ್ಸಿಕೋ ಚಿತ್ರಕಾರರು ಬರುತ್ತಾರೆ: ಹೊಸೆ ಗ್ವಾಡಲೂಪೆ ಪೊಸಾಡ ಮತ್ತು ಮಿಗೆಲ್ ಕೊವಾರೂಬಿಯಾಸ್. ವ್ಯಂಗ್ಯಚಿತ್ರವನ್ನು ಮ್ಯೂಸಿಯಮ್ಮಿನ ಗೋಡೆಗೇರಿಸಿ ನೋಡುವುದನ್ನು ಮೆಕ್ಸಿಕೋ ನಮಗಿಂತ ಮೊದಲೇ ಕಲಿತಿತು. ಆದ್ದರಿಂದ ಅವರಿಬ್ಬರ ಕಥೆ ನಮ್ಮ ಕಥೆಗೆ ಬೆಳಕು ಹಿಡಿಯುತ್ತದೆ.

ತಪ್ಪು ಕಲ್ಪನೆ: ವ್ಯಂಗ್ಯಚಿತ್ರದ ಜಾಗ ಪತ್ರಿಕೆ. ಅದನ್ನು ಮ್ಯೂಸಿಯಮ್ಮಿನಲ್ಲಿ ನೇತುಹಾಕಿದರೆ ಹೊಸದಾಗಿ ಸಿಗುವುದೇನೂ ಇಲ್ಲ.

ವಾಸ್ತವ: ಪತ್ರಿಕೆಯಲ್ಲಿ ನಮಗೆ ಸಿಕ್ಕಿದ್ದು ಚಿತ್ರದ ಒಂದು ಪ್ರತಿ, ಅದೂ ಬಡಕಲು ಪ್ರತಿ. ಲಕ್ಷ್ಮಣ್ ಕೆಲಸ ಶುರುಮಾಡಿದ ಕಾಲದಲ್ಲಿ ಕುಂಚ ಮತ್ತು ಕಪ್ಪು ಇಂಕಿನಲ್ಲಿ ಬರೆದ ದೊಡ್ಡ ಚಿತ್ರವನ್ನು ಫೋಟೋ ತೆಗೆದು, ಕುಗ್ಗಿಸಿ, ಸತುವಿನ ಬ್ಲಾಕ್ ಮಾಡಿಸಿ, ಒರಟು ನ್ಯೂಸ್‌ಪ್ರಿಂಟಿನ ಮೇಲೆ ಒತ್ತುತ್ತಿದ್ದರು. ಆ ಕಾಗದ ಇಂಕನ್ನು ಹೀರಿಕೊಳ್ಳುತ್ತದೆ. ತೆಳ್ಳನೆಯ ಗೆರೆ ದಪ್ಪವಾಗುತ್ತದೆ, ಒತ್ತೊತ್ತಾಗಿ ಎಳೆದ ಗೆರೆಗಳ ನಡುವಿನ ಬಿಳಿ ಮುಚ್ಚಿಹೋಗುತ್ತದೆ. ಒಂದು ಅಂಕಣದ ಅಗಲಕ್ಕೆ ಇಳಿದ ಪಾಕೆಟ್ ಕಾರ್ಟೂನಿನಲ್ಲಿ ಹಿನ್ನೆಲೆಯ ಗುಡಿಸಲು, ಹರಿದ ಪೋಸ್ಟರ್, ಕಿಟಕಿಯಲ್ಲಿ ಇಣುಕುವ ಮುಖ ಇವೆಲ್ಲ ಇರುತ್ತವೆ ಎಂಬುದೇ ಎಷ್ಟೋ ಓದುಗರಿಗೆ ಗೊತ್ತಾಗುತ್ತಿರಲಿಲ್ಲ.

ಮೂಲಚಿತ್ರದ ಮುಂದೆ ನಿಂತಾಗ ಬೇರೆಯೇ ವಸ್ತು ಕಣ್ಣಿಗೆ ಬೀಳುತ್ತದೆ. ಇಂಕಿನ ಕೆಳಗೆ ಅಳಿಸದೇ ಉಳಿದ ಪೆನ್ಸಿಲ್ ಗೆರೆ, ಮನಸ್ಸು ಬದಲಾಯಿಸಿ ಬಿಳಿ ಬಣ್ಣದಿಂದ ಮುಚ್ಚಿದ ಕೈ, ಅಂಚಿನಲ್ಲಿ ಬ್ಲಾಕ್ ಮಾಡುವವನಿಗೆಂದು ಬರೆದ ಅಳತೆ. ಎಲ್ಲಕ್ಕಿಂತ ಮಿಗಿಲಾಗಿ ಕುಂಚದ ಒತ್ತಡ. ಭುಜದಲ್ಲಿ ದಪ್ಪವಾಗಿ ಇಳಿದು ಮೊಣಕೈಯಲ್ಲಿ ಕೂದಲೆಳೆಯಷ್ಟಾಗಿ ಮತ್ತೆ ಬೆರಳಲ್ಲಿ ತುಂಬಿಕೊಳ್ಳುವ ಒಂದೇ ಎಳೆತ. ಮೂವತ್ತು ವರ್ಷ ಕೈ ಪಳಗದೆ ಅದು ಬರುವುದಿಲ್ಲ. ಅದನ್ನು ನೋಡಲಿಕ್ಕೆ ಮ್ಯೂಸಿಯಂ ಬೇಕು.

ಮೆಕ್ಸಿಕೋ ನಗರದ ಹಳೆಯ ಭಾಗದಲ್ಲಿ ವ್ಯಂಗ್ಯಚಿತ್ರಕ್ಕೇ ಮೀಸಲಾದ ಮ್ಯೂಸಿಯಂ 1987ರಿಂದ ಇದೆ. ಪೊಸಾಡ ಹುಟ್ಟಿದ ಆಗ್ವಾಸ್‌ಕಾಲಿಯೆಂತೆಸ್ ಊರಿನಲ್ಲಿ 1972ರಲ್ಲೇ ಅವನ ಹೆಸರಿನ ಮ್ಯೂಸಿಯಂ ತೆರೆಯಿತು. 1980ರ ದಶಕದಲ್ಲಿ ವಾಷಿಂಗ್‌ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಕೊವಾರೂಬಿಯಾಸ್‌ನ ಚಿತ್ರಗಳ ಪ್ರದರ್ಶನ ನಡೆಸಿತು. ಒಂದು ದೇಶದ ಗಣ್ಯರ ಭಾವಚಿತ್ರಗಳನ್ನಿಡುವ ಸಂಸ್ಥೆಯೇ ವ್ಯಂಗ್ಯ ಭಾವಚಿತ್ರವನ್ನೂ ಭಾವಚಿತ್ರ ಎಂದು ಒಪ್ಪಿಕೊಂಡದ್ದು ದೊಡ್ಡ ಮಾತು. ನಮ್ಮಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ 2001ರಲ್ಲಿ ಶುರುವಾಗಿ, 2007ರಲ್ಲಿ ಇಂಡಿಯನ್ ಕಾರ್ಟೂನ್ ಗ್ಯಾಲರಿಯನ್ನು ತೆರೆಯಿತು. ಕನ್ನಡ ಪತ್ರಿಕೆಗಳಲ್ಲಿ ದೀರ್ಘಕಾಲ ಚಿತ್ರ ಬರೆದ ವಿ.ಜಿ. ನರೇಂದ್ರ ಅವರು ಇದರ ಹಿಂದಿನ ಶಕ್ತಿ. ಇಂಥದೊಂದು ಗ್ಯಾಲರಿ ಕನ್ನಡಿಗರೊಬ್ಬರ ಹಟದಿಂದ ಬೆಂಗಳೂರಿನಲ್ಲಿ ಎದ್ದು ನಿಂತಿತು ಎನ್ನುವುದು ನನಗೆ ಹೆಮ್ಮೆಯ ವಿಷಯ.

ತಪ್ಪು ಕಲ್ಪನೆ: ಮೂಗನ್ನೋ ಕಿವಿಯನ್ನೋ ಎರಡರಷ್ಟು ಮಾಡಿದರೆ ವ್ಯಂಗ್ಯ ಭಾವಚಿತ್ರ ತಯಾರು.

ವಾಸ್ತವ: ಹಾಗೆ ಮಾಡಿದರೆ ದೊಡ್ಡ ಮೂಗಿನ ಯಾರೋ ಒಬ್ಬ ತಯಾರಾಗುತ್ತಾನೆ. ನೋಡಿದವರು ಹೆಸರು ಹಿಡಿದು ಕೂಗಬೇಕಾದರೆ ಹಿಗ್ಗಿಸುವುದಕ್ಕಿಂತ ಬಿಟ್ಟುಬಿಡುವುದು ಹೆಚ್ಚು ಮುಖ್ಯ. ನೂರು ವಿವರಗಳಿರುವ ಮುಖದಲ್ಲಿ ಯಾವ ನಾಲ್ಕು ಉಳಿದರೆ ಆ ಮನುಷ್ಯ ಉಳಿಯುತ್ತಾನೆ ಎಂಬ ತೀರ್ಮಾನವೇ ಈ ಕಲೆಯ ಹೂರಣ.

1923ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಕೊವಾರೂಬಿಯಾಸ್‌ಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಕೆಲವೇ ತಿಂಗಳಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆ ಅವನಿಗಾಗಿ ಪುಟ ಬಿಟ್ಟುಕೊಟ್ಟಿತು. ಅವನ ಚಿತ್ರಗಳಲ್ಲಿ ಮುಖ ಎಂದರೆ ಗೋಳ, ಶಂಕು, ಬಾಗಿದ ಮೇಲ್ಮೈಗಳು. ಕಲ್ಲಿನಲ್ಲಿ ಕಡೆದಷ್ಟು ನುಣುಪು. ಎಲ್ಲೂ ಸಿಡುಕಿಲ್ಲ, ವಕ್ರತೆಯಿಲ್ಲ, ಆದರೂ ಮನುಷ್ಯ ಸಿಕ್ಕಿಬಿದ್ದಿರುತ್ತಾನೆ. ಅದೇ ಕಾಲದಲ್ಲಿ ಅವನ ಜೊತೆ ಒಂದೇ ಸ್ಟುಡಿಯೋ ಹಂಚಿಕೊಂಡಿದ್ದ ಆಲ್ ಹಿರ್ಷ್‌ಫೆಲ್ಡ್ ಮುಂದೆ ಅಮೆರಿಕದ ರಂಗಭೂಮಿಯ ಮುಖಗಳನ್ನು ಎಂಟು ದಶಕ ಬರೆದ. ಗೆರೆಯನ್ನು ಎಷ್ಟು ಕಡಿಮೆ ಮಾಡಬಹುದು ಎಂಬ ಪಾಠದಲ್ಲಿ ಕೊವಾರೂಬಿಯಾಸ್‌ನ ಪಾಲಿದೆ.

ನಮ್ಮ ಮದರಾಸಿನಲ್ಲಿ ಈ ಪಾಠಕ್ಕೆ ಒಳ್ಳೆಯ ಉದಾಹರಣೆ 'ಆನಂದ ವಿಕಟನ್' ಪತ್ರಿಕೆಯ ಮಾಲಿ. ಕೊಳಲಿನ ಮಾಲಿ ಅಲ್ಲ, ಅದೇ ಟಿ.ಆರ್. ಮಹಾಲಿಂಗಂ ಎಂಬ ಹೆಸರಿನ ಚಿತ್ರಕಾರ. ಅವರು ಬರೆದ ಸಂಗೀತ ವಿದ್ವಾಂಸರ ಚಿತ್ರಗಳಲ್ಲಿ ನಗು ಬರುವುದು ಮುಖದಿಂದಲ್ಲ, ಕೂತ ಭಂಗಿಯಿಂದ. ತಾಳ ಹಾಕುವ ಕೈ ಎಲ್ಲಿಗೆ ಏರುತ್ತದೆ, ಮೇಲಿನ ಷಡ್ಜ ಹಿಡಿದಾಗ ಕತ್ತು ಯಾವ ಕಡೆ ವಾಲುತ್ತದೆ, ಇದನ್ನು ಹಿಡಿಯಬೇಕಾದರೆ ಚಿತ್ರಕಾರ ಕಚೇರಿಯಲ್ಲಿ ಕೂತು ಕೇಳಿರಬೇಕು. ಸಂಗೀತದ ಮೇಲೆ ಪ್ರೀತಿ ಇಲ್ಲದವನು ಆ ಚಿತ್ರ ಬರೆಯಲಾರ. ವ್ಯಂಗ್ಯ ಎಂದರೆ ಹಗೆತನ ಎಂದು ತಿಳಿದವರಿಗೆ ಮಾಲಿಯ ಚಿತ್ರಗಳನ್ನು ತೋರಿಸಬೇಕು.

ತಪ್ಪು ಕಲ್ಪನೆ: ಲಕ್ಷ್ಮಣ್ ಬೊಂಬಾಯಿಯ ಚಿತ್ರಕಾರ. ಅವರ ಕೆಲಸ 'ಟೈಮ್ಸ್ ಆಫ್ ಇಂಡಿಯಾ'ದಿಂದ ಶುರುವಾಯಿತು.

ವಾಸ್ತವ: ಇದನ್ನು ಮೈಸೂರಿನವರೇ ಹೇಳುವುದನ್ನು ಕೇಳಿದಾಗ ಬೇಸರವಾಗುತ್ತದೆ. ಲಕ್ಷ್ಮಣ್ 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಮನೆಗೆ ಬರುತ್ತಿದ್ದ 'ಪಂಚ್', 'ಸ್ಟ್ರಾಂಡ್', 'ಬೈಸ್ಟಾಂಡರ್' ಪತ್ರಿಕೆಗಳ ಚಿತ್ರಗಳನ್ನು ಓದು ಬರುವ ಮೊದಲೇ ನೋಡಿ ಬೆಳೆದ ಹುಡುಗ. ಮದರಾಸಿನ 'ದಿ ಹಿಂದೂ' ಪತ್ರಿಕೆಯಲ್ಲಿ ಮರುಮುದ್ರಣವಾಗುತ್ತಿದ್ದ ಇಂಗ್ಲೆಂಡಿನ ಡೇವಿಡ್ ಲೋ ಅವರ ಚಿತ್ರಗಳು ಆತನ ಗುರುಕುಲ.

ಟೈಮ್ಸ್ ಸೇರುವ ಮೊದಲೇ ಅವರ ಬೆನ್ನಿಗೆ ಸಾಕಷ್ಟು ಕೆಲಸವಿತ್ತು. ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅಣ್ಣ ಆರ್.ಕೆ. ನಾರಾಯಣ್ 'ದಿ ಹಿಂದೂ'ಗೆ ಬರೆಯುತ್ತಿದ್ದ ಕಥೆಗಳಿಗೆ ಚಿತ್ರ ಬರೆದರು. 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', ಬೆಂಗಳೂರಿನಿಂದ 'ಕೊರವಂಜಿ' ಹಾಸ್ಯಪತ್ರಿಕೆ ಹೊರಡಿಸಿದಾಗ ಅದಕ್ಕೂ ಬರೆದರು. ಕೊರವಂಜಿ ಇಪ್ಪತ್ತೈದು ವರ್ಷ ನಡೆಯಿತು. ಕನ್ನಡದ ನಗೆಬರಹಕ್ಕೂ ನಗೆಚಿತ್ರಕ್ಕೂ ಅದು ಏಕಕಾಲಕ್ಕೆ ಗರಡಿಮನೆ. ವೈದ್ಯವೃತ್ತಿ ನಡೆಸುತ್ತಲೇ ಅದನ್ನು ಸಾಕಿದ ರಾಶಿಯವರ ಋಣ ನಮ್ಮ ಮೇಲೆ ದೊಡ್ಡದು. ಟೈಮ್ಸ್‌ಗೆ 1947ರಲ್ಲಿ ಸೇರಿ ಅಲ್ಲೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉಳಿದ ಲಕ್ಷ್ಮಣ್, ಅದಕ್ಕೆ ಮೊದಲು 'ಸ್ವರಾಜ್ಯ', 'ಬ್ಲಿಟ್ಜ್', 'ಫ್ರೀ ಪ್ರೆಸ್ ಜರ್ನಲ್' ಎಲ್ಲ ದಾಟಿ ಬಂದವರು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ 'ನಾರದ' ಎಂಬ ಚಲಿಸುವ ಚಿತ್ರಕ್ಕೂ ಕೆಲಸ ಮಾಡಿದ್ದರು. ಜೆಮಿನಿಯ ಒಡೆಯರಾದ ಎಸ್.ಎಸ್. ವಾಸನ್ ಅವರೇ 'ಆನಂದ ವಿಕಟನ್'ನ ಒಡೆಯರೂ ಆಗಿದ್ದರು. ಮಾಲಿಯ ಗೆರೆ ಮತ್ತು ಲಕ್ಷ್ಮಣರ ಗೆರೆ ಒಂದೇ ಯಜಮಾನನ ಎರಡು ಅಂಗಳಗಳಲ್ಲಿ ಓಡಾಡಿದವು.

ಇಲ್ಲಿಂದ ಇನ್ನೊಂದು ಜಗಳ ಹುಟ್ಟುತ್ತದೆ. ಅಡ್ಯಾರಿನ ತಮಿಳು ಗೆಳೆಯರು ಹೆಸರಿನ ಮೊದಲಕ್ಷರ ತೋರಿಸಿ, "ಆರ್ ಅಂದರೆ ರಾಶಿಪುರಂ ಸಾರ್, ನಮ್ಮ ಸೇಲಂ ಕಡೆ ಊರು" ಎನ್ನುತ್ತಾರೆ. ನಮ್ಮವರು ಮೈಸೂರು ಬಿಟ್ಟುಕೊಡುವುದಿಲ್ಲ. ಪುಣೆಯಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆದು 2015ರ ಜನವರಿ 26ರಂದು ತೀರಿಕೊಂಡರು, ಅವರ ಹೆಸರಿನ ಮ್ಯೂಸಿಯಂ ಇರುವುದೂ ಅಲ್ಲೇ. ಮಹಾರಾಷ್ಟ್ರದವರಿಗೂ ಹಕ್ಕಿದೆ. ನನ್ನ ಅಭಿಪ್ರಾಯ ಇಷ್ಟು: ಮನೆಮಾತು ತಮಿಳು, ಕಣ್ಣು ತೆರೆದದ್ದು ಮೈಸೂರಿನ ಬೀದಿಯಲ್ಲಿ, ಕೈ ದುಡಿದದ್ದು ಬೊಂಬಾಯಿಯಲ್ಲಿ. ಇವುಗಳಲ್ಲಿ ಯಾವುದನ್ನು ಅಳಿಸಿದರೂ ಚಿತ್ರ ಕೆಡುತ್ತದೆ. ಪ್ರದರ್ಶನ ಏರ್ಪಡಿಸುವವರು ಕೊರವಂಜಿಯ ಪುಟಗಳನ್ನೂ ಟೈಮ್ಸ್‌ನ ಚಿತ್ರಗಳ ಜೊತೆಗೇ ಇಡಬೇಕು ಎಂಬುದು ಮಾತ್ರ ನನ್ನ ಬಿಡದ ಬೇಡಿಕೆ. ಇಪ್ಪತ್ತರ ಹರೆಯದ ಹುಡುಗನ ಗೆರೆ ಕಾಣದೆ ಅರವತ್ತರ ಮೇಷ್ಟ್ರ ಗೆರೆ ಪೂರ್ತಿ ಅರ್ಥವಾಗುವುದಿಲ್ಲ.

ತಪ್ಪು ಕಲ್ಪನೆ: ಕಲಾಶಾಲೆ ಲಕ್ಷ್ಮಣರನ್ನು ತಿರಸ್ಕರಿಸಿತು. ಆದ್ದರಿಂದ ವ್ಯಂಗ್ಯಚಿತ್ರಕ್ಕೆ ತರಬೇತಿ ಬೇಕಿಲ್ಲ.

ವಾಸ್ತವ: ಮೊದಲ ವಾಕ್ಯ ನಿಜ. ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಕಾಣಲಿಲ್ಲ ಎಂಬ ಉತ್ತರ ಬಂತು. ವರ್ಷಗಳ ನಂತರ ಅದೇ ಶಾಲೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು. ಈ ಕಥೆ ಎಲ್ಲರಿಗೂ ಇಷ್ಟ, ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಅದರಿಂದ ಹೊರಡಿಸುವ ಎರಡನೆಯ ವಾಕ್ಯ ಮಾತ್ರ ಪೂರಾ ತಪ್ಪು.

ಅವರಷ್ಟು ಕಠಿಣ ತರಬೇತಿ ಪಡೆದವರು ಕಡಿಮೆ. ತರಬೇತಿ ಕೊಟ್ಟವರೂ ಅವರೇ ಎನ್ನುವುದಷ್ಟೇ ವ್ಯತ್ಯಾಸ. ಮನೆಯ ಕಿಟಕಿಯಿಂದ ಕಾಣುವ ಒಣಗಿದ ಕೊಂಬೆ, ಹಲ್ಲಿ, ಸೌದೆ ಒಡೆಯುವ ಆಳು, ಎದುರು ಮನೆಯ ಮಾಳಿಗೆಯ ಮೇಲೆ ಕೂತ ಕಾಗೆಗಳ ನಾನಾ ಭಂಗಿ, ಇವನ್ನೆಲ್ಲ ಪ್ರತ್ಯಕ್ಷ ನೋಡಿ ಬರೆದ ನೆನಪುಗಳನ್ನು ಅವರು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಕಾಗೆ ಜೀವನವಿಡೀ ಅವರನ್ನು ಬಿಡಲಿಲ್ಲ. ಅವರ ಕಾಗೆಯ ಚಿತ್ರಗಳಲ್ಲಿ ವ್ಯಂಗ್ಯದ ಸುಳಿವೂ ಇಲ್ಲ. ಕಪ್ಪಿನೊಳಗೆ ಎಷ್ಟು ಬಗೆಯ ಕಪ್ಪು ಇದೆ, ಕತ್ತು ತಿರುಗಿಸಿದಾಗ ಗರಿ ಹೇಗೆ ಏಳುತ್ತದೆ ಎಂಬ ಅಪ್ಪಟ ಅಧ್ಯಯನ ಅದು. ಪ್ರದರ್ಶನದಲ್ಲಿ ಕಾಗೆಯ ಚಿತ್ರ ಸಿಕ್ಕರೆ ರಾಜಕೀಯ ಚಿತ್ರಗಳಿಗಿಂತ ಮೊದಲು ಅದರ ಮುಂದೆ ನಿಲ್ಲಿ. ಮಂತ್ರಿಯ ಪಂಚೆಯ ನೆರಿಗೆಯನ್ನು ಅಷ್ಟು ಸಲೀಸಾಗಿ ಎಳೆದ ಕೈ ಎಲ್ಲಿ ಪಳಗಿತು ಎಂದು ಆಗ ತಿಳಿಯುತ್ತದೆ.

ತಪ್ಪು ಕಲ್ಪನೆ: 'ಕಾಮನ್ ಮ್ಯಾನ್' ಒಂದು ದಿನ ಹೊಳೆದ ಪಾತ್ರ. ಅವನು ಸರ್ಕಾರವನ್ನು ಟೀಕಿಸುತ್ತಾನೆ.

ವಾಸ್ತವ: ಎರಡೂ ಸರಿಯಲ್ಲ. 'ಯೂ ಸೆಡ್ ಇಟ್' ಎಂಬ ಪಾಕೆಟ್ ಕಾರ್ಟೂನ್ 1951ರಲ್ಲಿ ಶುರುವಾಯಿತು. ಮೊದಮೊದಲು ಲಕ್ಷ್ಮಣ್ ಬೇರೆ ಬೇರೆ ಪ್ರಾಂತದ ಜನರನ್ನು ಗುಂಪಾಗಿ ಬರೆಯುತ್ತಿದ್ದರು, ಬಂಗಾಳಿ, ಪಂಜಾಬಿ, ತಮಿಳ ಎಲ್ಲರಿಗೂ ಅವರವರ ಉಡುಪು. ದಿನದಿನದ ಗಡುವಿನಲ್ಲಿ ಅಷ್ಟು ಜನರನ್ನು ಬರೆಯುವುದು ಸಾಧ್ಯವಾಗದೆ ಒಬ್ಬೊಬ್ಬರಾಗಿ ಚೌಕಟ್ಟಿನಿಂದ ಹೊರಬಿದ್ದರು. ಕೊನೆಗೆ ಉಳಿದವನು ಪಂಚೆ, ಚೌಕಳಿ ಕೋಟು, ದುಂಡು ಕನ್ನಡಕ, ಹಿಂತಲೆಯಲ್ಲಿ ಮಾತ್ರ ಕೂದಲು ಇರುವ ಆ ಮುದುಕ. ಬಿಟ್ಟುಬಿಡುತ್ತ ಹೋಗಿ ಉಳಿದದ್ದೇ ಮುಖ್ಯವಾಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ಇಡೀ ದೇಶದ ವಿಷಯದಲ್ಲಿ ಆದದ್ದೂ ಅದೇ.

ಅವನು ಮಾತಾಡುವುದೇ ಇಲ್ಲ. ಅವನ ಹೆಂಡತಿ ಧಾರಾಳವಾಗಿ ಮಾತಾಡುತ್ತಾಳೆ, ಮಂತ್ರಿಗಳು, ಗುಮಾಸ್ತರು, ಭಿಕ್ಷುಕರು ಎಲ್ಲರೂ ಮಾತಾಡುತ್ತಾರೆ. ಇವನು ಮಂತ್ರಿಯ ಕೋಣೆಯಲ್ಲೋ ಗುಡಿಸಲ ಬಾಗಿಲಲ್ಲೋ ನಿಂತು ಹುಬ್ಬೇರಿಸಿ ನೋಡುತ್ತಾನೆ. ಚಿತ್ರದೊಳಗೆ ಇವನನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಪ್ರತಿದಿನದ ಸಮಸ್ಯೆ. ಬೀದಿಯ ಚಿತ್ರವಾದರೆ ಸಹಜ. ಬೀಗ ಹಾಕಿದ ಸಂಪುಟ ಸಭೆಯಲ್ಲಿ ಇವನಿಗೇನು ಕೆಲಸ? ಆದರೂ ಇರುತ್ತಾನೆ, ಕಂಬದ ಹಿಂದೆ, ಪರದೆಯ ಪಕ್ಕದಲ್ಲಿ. ಮೂಲಚಿತ್ರಗಳನ್ನು ಸಾಲಾಗಿ ಇಟ್ಟಾಗ ಮಾತು ಬಿಟ್ಟು ಇವನನ್ನು ಮಾತ್ರ ಹುಡುಕುತ್ತ ಹೋಗಿ. ನಮ್ಮ ಕಣ್ಣು ಚಿತ್ರದೊಳಗೆ ಯಾವ ದಾರಿಯಲ್ಲಿ ನಡೆಯಬೇಕೆಂದು ಲಕ್ಷ್ಮಣ್ ಮೊದಲೇ ಲೆಕ್ಕ ಹಾಕಿದ್ದು ಗೊತ್ತಾಗುತ್ತದೆ. ಪುಣೆಯ ಸಿಂಬಯೋಸಿಸ್ ಆವರಣದಲ್ಲೂ ಮುಂಬೈಯ ವರ್ಲಿ ಕಡಲತೀರದಲ್ಲೂ ಅವನ ಪ್ರತಿಮೆ ಇದೆ. 1988ರಲ್ಲಿ ಅಂಚೆಚೀಟಿಯ ಮೇಲೂ ಬಂದ. ಒಂದೂ ಮಾತಾಡದೆ ಇಷ್ಟು ಗೌರವ ಗಳಿಸಿದ ಪಾತ್ರ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ತಪ್ಪು ಕಲ್ಪನೆ: ಕಥೆಗೆ ಚಿತ್ರ ಬರೆಯುವುದು ಎರಡನೇ ದರ್ಜೆಯ ಕೆಲಸ.

ವಾಸ್ತವ: ನಾರಾಯಣ್ ಕಥೆಗಳ ಮಾಲ್ಗುಡಿ ಹೇಗಿದೆ ಎಂದು ಕಣ್ಣು ಮುಚ್ಚಿ ನೆನೆಸಿಕೊಳ್ಳಿ. ನಮ್ಮ ತಲೆಮಾರಿಗೆ ಬರುವುದು ಶಂಕರ್ ನಾಗ್ ಆಗುಂಬೆಯಲ್ಲಿ ಕಟ್ಟಿದ ಊರು, ಮತ್ತು ಧಾರಾವಾಹಿ ಶುರುವಾಗುವಾಗ ಬರುತ್ತಿದ್ದ ಲಕ್ಷ್ಮಣರ ರೇಖಾಚಿತ್ರಗಳು. ಎಷ್ಟೋ ಜನ ಆ ಚಿತ್ರಗಳು ದೂರದರ್ಶನಕ್ಕಾಗಿಯೇ ಹುಟ್ಟಿದವು ಎಂದುಕೊಂಡಿದ್ದಾರೆ. ಅದಕ್ಕೆ ದಶಕಗಳ ಮೊದಲೇ, ಕಥೆಗಳು ಪತ್ರಿಕೆಯಲ್ಲಿ ಬರುತ್ತಿದ್ದ ಕಾಲದಿಂದಲೂ ಅಣ್ಣನ ಮಾತಿಗೆ ತಮ್ಮನ ಗೆರೆ ಜೊತೆಯಾಗಿತ್ತು. ಕರ್ನಾಟಕದ ಬಗ್ಗೆ ನಾರಾಯಣ್ ಬರೆದ 'ದಿ ಎಮರಾಲ್ಡ್ ರೂಟ್' ಪ್ರವಾಸಕಥನಕ್ಕೂ ಲಕ್ಷ್ಮಣರದೇ ಚಿತ್ರ. ಅಲ್ಲಿ ಜೋಕು ಹೇಳುವ ಹೊಣೆ ಇಲ್ಲ, ಗಡುವಿನ ಕಾಟ ಕಡಿಮೆ. ಕಲ್ಲಿನ ಗೋಪುರ, ಹೊಳೆ, ಊರಬಾಗಿಲು ಕೈಗೆ ಸಿಕ್ಕಂತೆ ಬರೆದಿದ್ದಾರೆ. ಏಷ್ಯನ್ ಪೇಂಟ್ಸ್ ಡಬ್ಬದ ಮೇಲಿದ್ದ, ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ ಗಟ್ಟು ಕೂಡ 1954ರಲ್ಲಿ ಇವರ ಕೈಯಿಂದಲೇ ಬಂದವನು.

ಕೊವಾರೂಬಿಯಾಸ್‌ನ ಪುಸ್ತಕಚಿತ್ರಗಳ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಲ್ಯಾಂಗ್‌ಸ್ಟನ್ ಹ್ಯೂಸ್‌ನ ಮೊದಲ ಕವನಸಂಕಲನದ ಮುಖಪುಟ, ಜೋರಾ ನೀಲ್ ಹರ್ಸ್ಟನ್ ಸಂಗ್ರಹಿಸಿದ ಕಪ್ಪು ಜನರ ಜನಪದದ ಪುಸ್ತಕ, ಮೆಲ್ವಿಲ್ಲನ 'ಟೈಪಿ', ಎಲ್ಲಕ್ಕೂ ಅವನು ಬರೆದ. ಹಾರ್ಲೆಮ್ಮಿನ ಸಂಗೀತಗಾರರನ್ನೂ ನರ್ತಕರನ್ನೂ ಬರೆದ ಅವನ ಚಿತ್ರಗಳು 1927ರಲ್ಲಿ ಪುಸ್ತಕವಾದವು. ಅವುಗಳಲ್ಲಿ ಕೆಲವು ಇಂದಿನ ಕಣ್ಣಿಗೆ ಸಿದ್ಧ ಅಚ್ಚಿನ ಮುಖಗಳಂತೆ ಕಂಡು ಇರುಸುಮುರುಸು ತರುತ್ತವೆ. ಮ್ಯೂಸಿಯಂ ಅಂಥ ಚಿತ್ರವನ್ನು ಮುಚ್ಚಿಡಬಾರದು. ಅದು ಬಂದ ಕಾಲ, ಅದನ್ನು ಮೆಚ್ಚಿದವರು, ಅದರಿಂದ ನೊಂದವರು, ಮೂರನ್ನೂ ಪಕ್ಕದ ಫಲಕದಲ್ಲಿ ಬರೆದು ತೋರಿಸಬೇಕು. ನಮ್ಮ ಹಳೆಯ ಹಾಸ್ಯಪತ್ರಿಕೆಗಳಲ್ಲಿ ಅತ್ತೆ, ದಪ್ಪ ಹೆಂಗಸು, ಹಳ್ಳಿಗ ಇವರ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ.

ತಪ್ಪು ಕಲ್ಪನೆ: ಹೂವಿನ ಟೋಪಿ ಹಾಕಿದ ಮೆಕ್ಸಿಕೋದ ಅಸ್ಥಿಪಂಜರ ಸಾವಿರಾರು ವರ್ಷದ ಪುರಾತನ ದೇವತೆ.

ವಾಸ್ತವ: 'ಕೋಕೋ' ಸಿನಿಮಾ ನೋಡಿದ ಅಡ್ಯಾರಿನ ಮಕ್ಕಳಿಗೂ ಈ ತಲೆಬುರುಡೆಯ ಹೆಣ್ಣಿನ ಗುರುತಿದೆ. ಟೀ ಶರ್ಟಿನ ಮೇಲೆ, ಕಾಫಿ ಅಂಗಡಿಯ ಗೋಡೆಯ ಮೇಲೆ ಅವಳಿದ್ದಾಳೆ. ಪಿತೃಗಳನ್ನು ನೆನೆಯುವ ಮೆಕ್ಸಿಕೋದ ಹಬ್ಬ ಹಳೆಯದು, ನಿಜ. ಈ ಚಿತ್ರ ಮಾತ್ರ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಬ್ಬ ವ್ಯಂಗ್ಯಚಿತ್ರಕಾರನ ಕೈಯಿಂದ ಬಂದದ್ದು.

ಪೊಸಾಡ 1852ರಲ್ಲಿ ಹುಟ್ಟಿದ. ಮೆಕ್ಸಿಕೋ ನಗರದಲ್ಲಿ ವನೇಗಾಸ್ ಅರೋಯೊ ಎಂಬ ಪ್ರಕಾಶಕನ ಮುದ್ರಣಾಲಯಕ್ಕಾಗಿ ಬೀದಿಯಲ್ಲಿ ಕಾಸಿಗೊಂದರಂತೆ ಮಾರುವ ಹಾಳೆಗಳಿಗೆ ಲೋಹದಲ್ಲಿ ಚಿತ್ರ ಕೆತ್ತುತ್ತಿದ್ದ. ಕೊಲೆ, ಭೂಕಂಪ, ಪವಾಡ, ಪ್ರೇಮಗೀತೆ, ಎಲ್ಲಕ್ಕೂ ಅವನದೇ ಚಿತ್ರ. ಹಬ್ಬದ ಹೊತ್ತಿಗೆ ಬದುಕಿರುವವರನ್ನೇ ಅಸ್ಥಿಪಂಜರವಾಗಿ ತೋರಿಸಿ ಪದ್ಯ ಕಟ್ಟುವ ಹಾಳೆಗಳು ಬರುತ್ತಿದ್ದವು. ಆ ಸಂಪ್ರದಾಯವನ್ನೂ ಅವನು ಶುರುಮಾಡಿದ್ದಲ್ಲ, ಅವನಿಗಿಂತ ಮೊದಲು ಮನುಯೆಲ್ ಮನಿಯಾ ಎಂಬ ಕೆತ್ತನೆಗಾರ ಅದೇ ಪ್ರಕಾಶಕನಿಗೆ ಮಾಡಿಕೊಟ್ಟಿದ್ದ. ಟೋಪಿ ಹೆಣ್ಣಿನ ಚಿತ್ರ ಹಂಗಿಸಿದ್ದು ತಮ್ಮ ಮೂಲನಿವಾಸಿ ಬೇರನ್ನು ಮುಚ್ಚಿಟ್ಟು ಯೂರೋಪಿನ ಶೋಕಿ ಮಾಡುತ್ತಿದ್ದವರನ್ನು. ಪೊಸಾಡನ ಮೂಲದಲ್ಲಿ ಅವಳಿಗೆ ತಲೆ ಮತ್ತು ಟೋಪಿ ಮಾತ್ರ. ಮೈತುಂಬ ಉಡುಪು ತೊಡಿಸಿ ಅವಳಿಗೆ ಖ್ಯಾತಿ ತಂದವನು ಡಿಯೆಗೊ ರಿವೆರಾ, 1947ರ ತನ್ನ ದೊಡ್ಡ ಭಿತ್ತಿಚಿತ್ರದಲ್ಲಿ. ಅದರಲ್ಲಿ ಹುಡುಗ ರಿವೆರಾ ಅವಳ ಒಂದು ಕೈ ಹಿಡಿದಿದ್ದಾನೆ, ಇನ್ನೊಂದು ಕೈ ಪೊಸಾಡನ ತೋಳಿನಲ್ಲಿದೆ. ಮೆಕ್ಸಿಕೋ ನಗರದಲ್ಲಿ ಈಗ ನಡೆಯುವ ಭಾರೀ ಮೆರವಣಿಗೆ ಶುರುವಾದದ್ದು 2016ರಲ್ಲಿ, 2015ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಅಂಥ ಮೆರವಣಿಗೆ ತೋರಿಸಿದ ನಂತರ.

ಪೊಸಾಡ ಕ್ರಾಂತಿಕಾರಿ ಎಂಬ ಮಾತೂ ರಿವೆರಾ ತಲೆಮಾರಿನವರು ಕಟ್ಟಿದ್ದು. ಅವನು ಹಣಕ್ಕಾಗಿ ಹಾಳೆ ತುಂಬಿಸುತ್ತಿದ್ದ ಕೆಲಸಗಾರ. ಮೆಕ್ಸಿಕೋದ ಅಂದಿನ ಸರ್ವಾಧಿಕಾರಿಯ ಕಾಲವನ್ನೂ ಅವನನ್ನು ಇಳಿಸಲು ಹೊರಟವರನ್ನೂ ಹಂಗಿಸಿದ. 1913ರಲ್ಲಿ ಬಡತನದಲ್ಲೇ ಸತ್ತ. ಚಿತ್ರಕಾರ ಜಾನ್ ಶಾರ್ಲೊ 1920ರ ದಶಕದಲ್ಲಿ ಆ ಹಾಳೆಗಳನ್ನು ಹುಡುಕಿ ಎತ್ತಿ ತೋರಿಸುವವರೆಗೆ ಅವನನ್ನು ಕಲಾವಿದ ಎಂದು ಯಾರೂ ಕರೆದಿರಲಿಲ್ಲ. ಕ್ರಾಂತಿಕಾರಿಯ ಪಟ್ಟವಿಲ್ಲದೆಯೂ ಅವನು ದೊಡ್ಡವನೇ. ದಿನಗೂಲಿಯ ಕೆಲಸದಲ್ಲಿ ಆ ಮಟ್ಟದ ಗೆರೆ ತಂದದ್ದು ಸಾಕಲ್ಲವೇ?

ತಪ್ಪು ಕಲ್ಪನೆ: ವ್ಯಂಗ್ಯಚಿತ್ರಕಾರ ಸುದ್ದಿಯ ಬಾಲ ಹಿಡಿದು ಹೋಗುವವನು. ಪಾಂಡಿತ್ಯ ಅವನ ಕ್ಷೇತ್ರವಲ್ಲ.

ವಾಸ್ತವ: ಕೊವಾರೂಬಿಯಾಸ್ 1931ರಲ್ಲಿ ಗಾಂಧೀಜಿಯನ್ನೂ ಅಮೆರಿಕದ ಧರ್ಮಪ್ರಚಾರಕಿ ಏಮಿ ಸೆಂಪಲ್ ಮ್ಯಾಕ್‌ಫರ್ಸನ್‌ರನ್ನೂ ಎದುರುಬದುರು ಕೂರಿಸಿ, ನಡೆಯಲಾರದ ಸಂದರ್ಶನವೊಂದರ ಚಿತ್ರ ಬರೆದ. ದುಂಡುಮೇಜಿನ ಪರಿಷತ್ತಿಗಾಗಿ ಗಾಂಧೀಜಿ ಲಂಡನ್ನಿಗೆ ಹೋಗಿದ್ದ ವರ್ಷ ಅದು. ಸುದ್ದಿಯ ಬಾಲ ಎಂದರೆ ಅದೇ ಎನ್ನಬಹುದು. ಅಷ್ಟರಲ್ಲಾಗಲೇ ಅವನು ಹೆಂಡತಿ ರೋಸಾ ಜೊತೆ ಬಾಲಿ ದ್ವೀಪಕ್ಕೆ ಹೋಗಿ ಬಂದಿದ್ದ. ಮತ್ತೆ ಹೋಗಿ, ಉಳಿದು, ಕಲಿತು, 1937ರಲ್ಲಿ 'ಐಲೆಂಡ್ ಆಫ್ ಬಾಲಿ' ಬರೆದ. ರೋಸಾ ತೆಗೆದ ಫೋಟೋಗಳು, ಅವನ ಚಿತ್ರಗಳು, ನೀರಾವರಿ, ಮದುವೆ, ಶವಸಂಸ್ಕಾರ, ನೃತ್ಯ ಎಲ್ಲದರ ವಿವರ ಇರುವ ಆ ಪುಸ್ತಕ ಇಂದಿ​ಗೂ ಓದಿಸಿಕೊಳ್ಳುತ್ತದೆ. ಅದಕ್ಕೆ ಒಂದು ವರ್ಷ ಮೊದಲು, 1936ರಲ್ಲಿ, ಇಲ್ಲಿ ಅಡ್ಯಾರಿನಲ್ಲಿ ರುಕ್ಮಿಣೀದೇವಿ ಕಲಾಕ್ಷೇತ್ರವನ್ನು ಆರಂಭಿಸಿದ್ದರು. ಭರತನಾಟ್ಯದ ಅರೆಮಂಡಿಯನ್ನು ದಿನವೂ ನೋಡುವ ಊರಿನ ಜನಕ್ಕೆ ಬಾಲಿಯ ನರ್ತಕಿಯ ಬಾಗಿದ ಮಂಡಿ, ಹಿಂದಕ್ಕೆ ಮಡಿದ ಬೆರಳು, ಒಂದು ಪಕ್ಕಕ್ಕೆ ಸರಿದ ಕಣ್ಣು ಇವುಗಳನ್ನು ಅವನು ಎಷ್ಟು ಕಡಿಮೆ ಗೆರೆಯಲ್ಲಿ ಹಿಡಿದಿದ್ದಾನೆ ಎಂಬುದು ಬೇರೆಯವರಿಗಿಂತ ಬೇಗ ತಿಳಿದೀತು. ಆ ಚಿತ್ರಗಳ ಪ್ರದರ್ಶನ ಒಮ್ಮೆ ಈ ಊರಿಗೆ ಬರಬೇಕು ಎಂಬುದು ನನ್ನ ಆಸೆ.

ಪಾಂಡಿತ್ಯದ ಮಾತಿಗೆ ಬಂದರೆ, ಓಲ್ಮೆಕ್ ನಾಗರಿಕತೆ ಮಾಯಾ ನಾಗರಿಕತೆಗಿಂತ ಹಳೆಯದು ಎಂದು 1942ರ ವಿದ್ವಾಂಸರ ಸಭೆಯಲ್ಲಿ ವಾದಿಸಿದವರಲ್ಲಿ ಕೊವಾರೂಬಿಯಾಸ್ ಒಬ್ಬ. ಮಾಯಾ ತಜ್ಞರು ಒಪ್ಪಲಿಲ್ಲ. ಇಂಗಾಲದ ಕಾಲನಿರ್ಣಯ ಬಂದ ಮೇಲೆ ಅವನ ಮಾತೇ ನಿಂತಿತು. ಮೂರ್ತಿಗಳ ತುಟಿ ಮತ್ತು ಹುಬ್ಬಿನ ಆಕಾರ ಹೇಗೆ ಬದಲಾಗುತ್ತ ಹೋಯಿತೆಂದು ಅವನು ಚಿತ್ರ ಬರೆದೇ ತೋರಿಸಿದ್ದ. ಮುಖಗಳನ್ನು ನೋಡಿ ನೋಡಿ ಪಳಗಿದ ಕಣ್ಣು ಕಲ್ಲಿನ ಮುಖಗಳನ್ನೂ ಓದಿತು.

ತಪ್ಪು ಕಲ್ಪನೆ: ಇದು ಗಂಡಸರ ಕಲೆ.

ವಾಸ್ತವ: ಬೆಂಗಳೂರಿನ ಮಾಯಾ ಕಾಮತ್ ಮನೆಯೊಳಗಿನ ಬದುಕನ್ನು ಕುರಿತ 'ಗೀತಾ' ಚಿತ್ರಸರಣಿಯಿಂದ ಶುರುಮಾಡಿ ರಾಜಕೀಯ ಚಿತ್ರಕ್ಕೆ ಬಂದರು, 'ಡೆಕ್ಕನ್ ಹೆರಾಲ್ಡ್', 'ಏಷ್ಯನ್ ಏಜ್' ಪತ್ರಿಕೆಗಳಿಗೆ ಬರೆದರು. 2001ರಲ್ಲಿ, ಇನ್ನೂ ಐವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಅವರ ಚಿತ್ರಸಂಗ್ರಹ ಮುಂಬೈಯ ಸ್ಪ್ಯಾರೋ ಎಂಬ ಮಹಿಳಾ ದಾಖಲೆಗಳ ಸಂಸ್ಥೆಯಲ್ಲಿದೆ. ಅವರ ಹೆಸರಿನಲ್ಲಿ ವ್ಯಂಗ್ಯಚಿತ್ರ ಸ್ಪರ್ಧೆಯೂ ನಡೆಯುತ್ತ ಬಂದಿದೆ. ಕರ್ನಾಟಕದ ವ್ಯಂಗ್ಯಚಿತ್ರ ಎಂದಾಗ ಬಿ.ವಿ. ರಾಮಮೂರ್ತಿಯವರ ಹೆಸರಿನ ಜೊತೆಗೇ ಇವರ ಹೆಸರೂ ಬರಬೇಕು. ಬರುವುದು ಕಡಿಮೆ.

ತಪ್ಪು ಕಲ್ಪನೆ: ಇಂಥ ಪ್ರದರ್ಶನಕ್ಕೆ ಹೋಗಲು ರಾಜಕೀಯದ ಹಿನ್ನೆಲೆ ಗೊತ್ತಿರಬೇಕು.

ವಾಸ್ತವ: ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಇನ್ನೂ ಒಳ್ಳೆಯದು ಎಂದೇ ನಾನು ಹೇಳುತ್ತೇನೆ. 1960ರ ಮಂತ್ರಿ ಯಾರೆಂದು ತಿಳಿಯದ ಹತ್ತು ವರ್ಷದ ಮಗು ಚಿತ್ರದಲ್ಲಿ ಯಾರು ಸುಳ್ಳು ಹೇಳುತ್ತಿದ್ದಾನೆ, ಯಾರು ಹೆದರಿದ್ದಾನೆ ಎಂದು ಸರಿಯಾಗಿ ಗುರುತಿಸುತ್ತದೆ. ಅಡಿಬರಹವನ್ನು ಕೈಯಿಂದ ಮರೆಮಾಡಿ ಮೊದಲು ಚಿತ್ರ ನೋಡಿ, ಆಮೇಲೆ ಓದಿ. ಬೆಂಗಳೂರಿನ ಇಂಡಿಯನ್ ಕಾರ್ಟೂನ್ ಗ್ಯಾಲರಿ ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಹತ್ತಿರ, ಮಿಡ್‌ಫೋರ್ಡ್ ಗಾರ್ಡನ್ನಿನ ಮಿಡ್‌ಫೋರ್ಡ್ ಹೌಸ್‌ನಲ್ಲಿದೆ. ಟ್ರಿನಿಟಿ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಪ್ರವೇಶಕ್ಕೆ ದುಡ್ಡಿಲ್ಲ. ಚಿತ್ರಗಳು ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ಯಾರ ಪ್ರದರ್ಶನ ನಡೆಯುತ್ತಿದೆ ಎಂದು ವಿಚಾರಿಸಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಒಂದು ಪೆನ್ಸಿಲ್ಲು, ನಾಲ್ಕು ಖಾಲಿ ಹಾಳೆ ಜೊತೆಗಿರಲಿ.